ಎಲ್ಲರಿಗೂ ಅವರವರ ಭಾಷೆಯಲ್ಲಿ

ಕಳೆದ ತಿಂಗಳು ನಮ್ಮ ಪತ್ರಿಕೆಯ ಕಚೇರಿಗೆ ಒಂದು ಪ್ರಕಟಣೆ ಬಂತು. ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ದೀರ್ಘಕಾಲ ದುಡಿದ ಅಧಿಕಾರಿಯೊಬ್ಬರು ನಿವೃತ್ತರಾಗಿದ್ದರು. ಶಾಲು, ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಕಾಣುವಂತೆ ತೆಗೆದ ಫೋಟೊ ಜೊತೆಗಿತ್ತು. ‘ರೋಗಿಗಳ ಕುಟುಂಬಕ್ಕೂ ಆಸ್ಪತ್ರೆಗೂ ಅವರು ಸೇತುವೆಯಾಗಿದ್ದರು. ಇಷ್ಟು ವರ್ಷಗಳಲ್ಲಿ ಅವರ ಮೇಲೆ ಒಂದೇ ಒಂದು ದೂರು ಬಂದಿಲ್ಲ’ ಎಂದು ಆಡಳಿತ ಮಂಡಳಿಯವರು ಹೇಳಿದ್ದರು. ನಾನು ಅದನ್ನು ಮೂರು ಸಾಲಿಗೆ ಇಳಿಸಿ, ಫೋಟೊ ಚಿಕ್ಕದು ಮಾಡಿ, ಒಳಪುಟಕ್ಕೆ ಹಾಕಿದೆ.

ಸುದ್ದಿಗೆ ಅಷ್ಟು ಸಾಕು. ಸುದ್ದಿಯಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವರ ಹೆಸರಿಗೆ ಮಸಿ ಬಳಿಯುವುದು ನನ್ನ ಉದ್ದೇಶವಲ್ಲ. ಅಲ್ಲದೆ ಈ ಊರಿನಲ್ಲಿ ಅಂಥವರು ಅವರೊಬ್ಬರೇ ಎಂದು ಓದುಗರಿಗೆ ಅನಿಸುವುದೂ ಬೇಡ. ದೂರು ಬಂದಿಲ್ಲ ಎಂಬ ಮಾತು ನಿಜ. ದೂರು ಬಾರದಂತೆ ನೋಡಿಕೊಳ್ಳುವುದೇ ಅವರು ಮಾಡಿದ ಏಕೈಕ ಕೆಲಸ ಎಂಬುದನ್ನು ಮಾತ್ರ ಆ ನಿಜಕ್ಕೆ ಸೇರಿಸಬೇಕು.

ಇಸ್ತ್ರಿಯ ಗೆರೆ ಮುರಿಯದ ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಆಸ್ಪತ್ರೆಯ ಪೆನ್ನು, ಕೈಯಲ್ಲಿ ಎರಡು ಫೋನು. ವಾರ್ಡಿನ ಉದ್ದಕ್ಕೂ ಓಡುನಡಿಗೆಯಲ್ಲಿ ಬಂದು, ರೋಗಿಯ ಮನೆಯವರು ನಿಂತಲ್ಲಿಗೆ ನಾಲ್ಕು ಹೆಜ್ಜೆ ಇರುವಾಗ ಒಮ್ಮೆಲೇ ನಿಧಾನವಾಗುತ್ತಿದ್ದರು. ಆಮೇಲೆ ಯಾರದಾದರೂ ಹೆಗಲ ಮೇಲೆ ಅಂಗೈ ಇಡುವುದು. ಮನೆಯವರಲ್ಲಿ ಯಾರು ಗಟ್ಟಿಯಾಗಿ ಮಾತಾಡುತ್ತಾರೋ ಅವರ ಹೆಗಲು. ಅಳುವವರ ಹೆಗಲನ್ನು ಅವರು ಮುಟ್ಟಿದ್ದು ನಾನು ನೋಡಿಲ್ಲ. ಅಳುವವರಿಂದ ಆಸ್ಪತ್ರೆಗೆ ತೊಂದರೆಯಿಲ್ಲ.

ಮೊದಮೊದಲು ಅವರಿಗೆ ಒಂದು ಅಭ್ಯಾಸವಿತ್ತಂತೆ. ಒಳ್ಳೆಯ ಸುದ್ದಿಯಾದರೆ ನಿಂತು ಹೇಳುವುದು, ಕೆಟ್ಟದ್ದಾದರೆ ಕುರ್ಚಿ ಎಳೆದು ಕುಳಿತು ಹೇಳುವುದು. ಇದು ಹೇಗೋ ಜನರಿಗೆ ಗೊತ್ತಾಯಿತು. ಅವರು ಕುರ್ಚಿಗೆ ಕೈ ಹಾಕಿದ ಕೂಡಲೇ ಹೆಂಗಸರು ಬಾಯಿಗೆ ಸೆರಗು ಒತ್ತತೊಡಗಿದರು. ಒಮ್ಮೆ ಕಾಲು ನೋವೆಂದು ಸುಮ್ಮನೆ ಕುಳಿತದ್ದಕ್ಕೆ ಒಬ್ಬ ತಾಯಿ ಕುಸಿದು ಬಿದ್ದಳು. ಆ ಮೇಲೆ ಅವರು ವಾರ್ಡಿನಲ್ಲಿ ಕುಳಿತುಕೊಳ್ಳುವುದನ್ನೇ ಬಿಟ್ಟರು. ಇದನ್ನು ನನಗೆ ಹೇಳಿದವರು ಅವರೇ. ಹೇಳಿ ನಕ್ಕರು. ಆಗ ಅವರು ಬದಲಾಯಿಸಿದ್ದು ಕುಳಿತುಕೊಳ್ಳುವುದನ್ನು ಮಾತ್ರ, ಹೇಳುವುದನ್ನಲ್ಲ.

ಭಾಷೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ, ಹಿಂದಿ. ಕೊಂಕಣಿಯಲ್ಲಿಯೂ ಚರ್ಚಿಗೆ ಹೋಗುವವರದ್ದು ಬೇರೆ, ದೇವಸ್ಥಾನಕ್ಕೆ ಹೋಗುವವರದ್ದು ಬೇರೆ, ಎರಡೂ ಬರುತ್ತಿತ್ತು. ಲಿಫ್ಟಿನಿಂದ ಹೊರಗೆ ಬರುವ ಕುಟುಂಬವನ್ನು ನೋಡಿ, ಅವರು ಹಿಡಿದ ಬುತ್ತಿಯ ಪಾತ್ರೆ, ತೊಟ್ಟ ಚಪ್ಪಲಿ, ಯಾರು ಮುಂದೆ ಯಾರು ಹಿಂದೆ ನಡೆಯುತ್ತಾರೆ ಎಂಬುದರಿಂದಲೇ ಅವರ ಮನೆಮಾತು ಯಾವುದೆಂದು ಹೇಳುತ್ತಿದ್ದರು. ತಪ್ಪಿದ್ದನ್ನು ನಾನು ಕಂಡಿಲ್ಲ. ಆಸ್ಪತ್ರೆಯ ಹೆದರಿಕೆಯ ನಡುವೆ ಮನೆಮಾತು ಕಿವಿಗೆ ಬಿದ್ದರೆ ಮನುಷ್ಯ ಅರ್ಧ ಶರಣಾಗುತ್ತಾನೆ. ಉಳಿದರ್ಧ ಶರಣಾಗತಿಗೆ ಅವರು ನಿಮ್ಮ ಊರಿನ ಯಾರಾದರೊಬ್ಬರ ಪರಿಚಯ ಹೇಳುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ವರದಿಗಾರಿಕೆಯಿಂದ. ನಂತೂರಿನ ಜಂಕ್ಷನ್ನಿನಲ್ಲಿ ಲಾರಿ ಬಸ್ಸಿಗೆ ಗುದ್ದಿದರೆ ಗಾಯಾಳುಗಳು ಎಷ್ಟು ಜನ, ಹೇಗಿದ್ದಾರೆ ಎಂದು ತಿಳಿಯಲು ನಾವು ಅವರಿಗೆ ಫೋನು ಮಾಡುತ್ತಿದ್ದೆವು. ಒಂದು ಸಲ ನನಗೆ ‘ಸಣ್ಣಪುಟ್ಟ ಗಾಯ’ ಎಂದರು. ಅದೇ ಹೊತ್ತಿಗೆ ಟೀವಿಯ ಹುಡುಗನೊಬ್ಬ ಅವರ ಹೆಸರು ಹೇಳಿಯೇ ‘ಹಲವರು ಗಂಭೀರ’ ಎಂದು ಕೂಗುತ್ತಿದ್ದ. ನಾನು ಮತ್ತೆ ಫೋನು ಮಾಡಿ ಕೇಳಿದೆ.

“ಅವನಿಗೆ ಗಂಭೀರ ಬೇಕಿತ್ತು ಮಾರಾಯ್ರೆ” ಎಂದರು. “ನಿಮಗೆ ಅಂಥದ್ದು ಆಗುದಿಲ್ಲ ಅಂತ ನನಗೆ ಗೊತ್ತಿಲ್ವಾ?”

“ಗಾಯ ಎಂಥದ್ದು, ಅದನ್ನು ಹೇಳಿ.”

“ನೀವು ಬರಿಯಿರಿ. ನೀವು ಬರೆದದ್ದೇ ಸರಿ.”

ಅಂದಿನಿಂದ ಅವರು ಹೇಳಿದ್ದನ್ನು ಇನ್ನೊಬ್ಬರಲ್ಲಿ ಕೇಳದೆ ನಾನು ಒಂದು ಸಾಲೂ ಬರೆದದ್ದಿಲ್ಲ.

ಅವರ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಅವರು ಲಂಚ ಮುಟ್ಟುವವರಲ್ಲ. ನಾನು ವಿಚಾರಿಸಿದ್ದೇನೆ. ಭಟ್ಕಳದ ಕಡೆಯವರಿಗೆ ಸಂಜೆಯೊಳಗೆ ದಫನ ಮಾಡಲು ಶವ ಬೇಗ ಬಿಟ್ಟುಕೊಡಬೇಕೆಂದರೆ ಸಹಿಗಾಗಿ ಅವರು ತಾವೇ ಓಡಾಡುತ್ತಿದ್ದರು. ಗಾಲಿಕುರ್ಚಿ ಸಿಗದಿದ್ದರೆ ಎಲ್ಲಿಂದಲೋ ತಳ್ಳಿಕೊಂಡು ಬರುತ್ತಿದ್ದರು. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳ ತಟ್ಟೆ, ಹಬ್ಬಕ್ಕೆ ಬಿರಿಯಾನಿ, ಚೌತಿಗೆ ಉಂಡೆ ಅವರ ಮೇಜಿಗೆ ಬರುತ್ತಿದ್ದವು. ಜನ ಪ್ರೀತಿಯಿಂದಲೇ ತರುತ್ತಿದ್ದರು. ದುಡ್ಡು ತಿನ್ನುವವನನ್ನು ಹಿಡಿಯುವುದಕ್ಕೆ ನಮ್ಮಲ್ಲಿ ಇಲಾಖೆಯಿದೆ. ಎಲ್ಲರಿಗೂ ಬೇಕಾದವನಾಗಿರುವ ಚಟಕ್ಕೆ ಯಾವ ಇಲಾಖೆಯೂ ಇಲ್ಲ.

ಕೆಲವು ವರ್ಷಗಳ ಹಿಂದೆ ಆಸ್ಪತ್ರೆಯವರು ಅವರ ಕೋಣೆಯ ಬೋರ್ಡು ಬದಲಿಸಿದರು. ‘ಸಾರ್ವಜನಿಕ ಸಂಪರ್ಕ’ ಹೋಗಿ ‘ಪೇಷೆಂಟ್ ನ್ಯಾವಿಗೇಟರ್’ ಬಂತು. ಅವರ ವಿವರಣೆಯಂತೆ, ಒಬ್ಬನೇ ರೋಗಿಗೆ ಹೃದಯ, ಕಿಡ್ನಿ, ಸಕ್ಕರೆ ಎಂದು ನಾಲ್ಕಾರು ತೊಂದರೆ ಒಟ್ಟಿಗೇ ಇದ್ದಾಗ ನಾಲ್ಕಾರು ಡಾಕ್ಟರುಗಳು ಬರುತ್ತಾರೆ. ಅವರೆಲ್ಲರ ಮಾತು ಕೂಡಿಸಿ ಮನೆಯವರಿಗೆ ದಾರಿ ತೋರಿಸಲು ಒಬ್ಬ ಮನುಷ್ಯ ಬೇಕು. ವಿಚಾರ ಒಳ್ಳೆಯದೇ. ಅಂಥ ಮನುಷ್ಯ ನಿಜವಾಗಿಯೂ ಬೇಕು.

ಆ ಬೋರ್ಡನ್ನು ಹಮೀದಾಕ ಓದಿದ್ದು ಚಕ್ರದ ಮಂಚದಲ್ಲಿ ಮಲಗಿಕೊಂಡು.

ಹಮೀದಾಕ ಪಡೀಲಿನಲ್ಲಿ ನನ್ನ ನೆರೆಮನೆಯವರು. ಬಂದರಿನಲ್ಲಿ ಅವರದ್ದು ಹಗ್ಗ, ಟರ್ಪಾಲು, ಬಲೆಯ ನೂಲಿನ ಅಂಗಡಿ. ಶಕ್ತಿನಗರದ ವಾಸಣ್ಣ ಅಂಗಡಿಯಲ್ಲಿ ಪಾಲುದಾರರು. ಇಬ್ಬರದ್ದೂ ಪ್ರಾಯದ ಕಾಲದ ಸ್ನೇಹ. ಅಂಗಡಿಯ ಒಳಗೆ ಮರದ ಏಣಿ, ಏಣಿಯ ಮೇಲೆ ಅಟ್ಟ. ದೊಡ್ಡ ಹಗ್ಗದ ಸುರುಳಿಗಳಿರುವುದು ಅಟ್ಟದಲ್ಲಿ. ಅಲ್ಲಿಗೆ ಹಮೀದಾಕನೇ ಹತ್ತುತ್ತಿದ್ದರು. ಯಾವ ಬೋಟಿನವನಿಗೆ ಯಾವ ಹಗ್ಗ ಎಂದು ಕೈಯಿಂದ ಹಿಸುಕಿ ಆರಿಸುವುದು ಅವರಿಗೆ ವ್ಯಾಪಾರಕ್ಕಿಂತ ಹೆಚ್ಚಿನ ಸುಖ. ಸಕ್ಕರೆ ಕಾಯಿಲೆ ಹಳೆಯದು. ಎದೆಗೆ ಒಂದು ಸ್ಟೆಂಟ್ ಬಿದ್ದಿತ್ತು. ಕಿಡ್ನಿ ಅರ್ಧ ಕೆಲಸ ಮಾಡುತ್ತಿತ್ತು. ಅದರ ಮೇಲೆ ಅಂಗಡಿಯಲ್ಲಿ ಹಲಗೆಯ ಮೊಳೆ ಬಲಗಾಲಿಗೆ ಚುಚ್ಚಿ, ಬೆರಳು ಕಪ್ಪಾಗಿ, ಜ್ವರ ಬಂದು ಆಸ್ಪತ್ರೆ ಸೇರಿದರು. ಸೇರಿದ ದಿನ ನಾನೂ ಜೊತೆಗಿದ್ದೆ.

“ಇದು ಎಂತ ಶೆಟ್ರೆ, ನ್ಯಾವಿಗೇಟರ್? ಬೋಟಿನಲ್ಲಿ ದಾರಿ ಹೇಳುವವನಾ?” ಎಂದು ಹಮೀದಾಕ ನನ್ನನ್ನು ಕೇಳಿದರು.

“ಹಾಗೆಯೇ ಅಂತೆ.”

“ನಮ್ಮಲ್ಲಿ ಅವನಿಗೆ ತಾಂಡೇಲ ಅಂತ ಹೇಳುದು. ತಾಂಡೇಲನಿಗೆ ದಾರಿ ತಪ್ಪಿದ್ರೆ ಎಲ್ಲರ ಒಟ್ಟಿಗೆ ಅವನೂ ಮುಳುಗ್ತಾನೆ. ಇವರಿಗೆ ಎಂತ ಆಗ್ತದೆ?”

ಅಷ್ಟರಲ್ಲಿ ಅವರು ಬಂದರು. ಓಡುನಡಿಗೆ, ನಾಲ್ಕು ಹೆಜ್ಜೆ ನಿಧಾನ, ಹೆಗಲ ಮೇಲೆ ಕೈ. ಹಮೀದಾಕನಿಗೆ ತುಳುವಿನಲ್ಲಿ “ದಾಲ ಇಜ್ಜಿ ಸಾಹುಕಾರ್ರೆ, ಏನೂ ಇಲ್ಲ” ಎಂದರು. ನಫೀಸಕ್ಕನಿಗೆ, ಎಂದರೆ ಹಮೀದಾಕನ ಹೆಂಡತಿಗೆ, ಬ್ಯಾರಿಯಲ್ಲಿ ಏನೋ ಹೇಳಿ ಅವರ ಮುಖದಲ್ಲಿ ಸ್ವಲ್ಪ ಗೆಲುವು ತಂದರು. ಪರದೇಶದಲ್ಲಿ, ದಮ್ಮಾಮಿನಲ್ಲಿರುವ ಹಮೀದಾಕನ ತಮ್ಮ ಅಶ್ರಫನ ನಂಬರು ಕೇಳಿ ಪಡೆದುಕೊಂಡರು. “ಫ್ಯಾಮಿಲಿಯನ್ನು ನಾವು ಪ್ರತಿಯೊಂದು ಹೆಜ್ಜೆಯಲ್ಲೂ ಒಟ್ಟಿಗೆ ಕರ್ಕೊಂಡು ಹೋಗ್ತೇವೆ” ಎಂದು ನನಗೆ ಕನ್ನಡದಲ್ಲಿ ಹೇಳಿದರು.

ಮುಂದಿನದ್ದನ್ನು ನಾನು ಆಮೇಲೆ ಒಬ್ಬೊಬ್ಬರಲ್ಲಿ ಬೇರೆಬೇರೆಯಾಗಿ ಕೇಳಿ ಖಚಿತ ಮಾಡಿಕೊಂಡೆ.

ಸೋಮವಾರ ಬೆಳಗ್ಗೆ ಸರ್ಜನ್ ಗಾಯ ನೋಡಿದರು. ಅವರು ಹೊರರಾಜ್ಯದವರು, ಇಂಗ್ಲಿಷ್ ಬಿಟ್ಟರೆ ಇಲ್ಲಿಯ ಯಾವ ಮಾತೂ ಬಾರದು. ಕೊಳೆಯುವುದು ಪಾದದಿಂದ ಮೇಲಕ್ಕೆ ಏರುತ್ತಿದೆ, ಈಗಲೇ ಮೊಣಕಾಲಿನ ಕೆಳಗೆ ಕತ್ತರಿಸಿದರೆ ಮೊಣಕಾಲು ಉಳಿಯುತ್ತದೆ, ತಡವಾದರೆ ಉಳಿಯುವುದಿಲ್ಲ, ಹೃದಯದ ಡಾಕ್ಟರೂ ಕಿಡ್ನಿಯ ಡಾಕ್ಟರೂ ಒಪ್ಪಿದ್ದಾರೆ, ಮನೆಯವರಿಗೆ ವಿವರಿಸಿ ಸಹಿ ತೆಗೆದುಕೊಳ್ಳಿ ಎಂದು ನಮ್ಮ ನ್ಯಾವಿಗೇಟರರಿಗೆ ಹೇಳಿದರು. ಹೇಳಿದ್ದಾಗಿ ಸರ್ಜನರೇ ನನಗೆ ತಿಳಿಸಿದರು. ಆಮೇಲೆ ಪ್ರತಿದಿನ ‘ಸಹಿ ಆಯಿತೇ?’ ಎಂದು ಕೇಳಿದರಂತೆ. ಪ್ರತಿದಿನ ‘ಕುಟುಂಬದವರು ಚರ್ಚಿಸುತ್ತಿದ್ದಾರೆ’ ಎಂಬ ಉತ್ತರ ಬಂತಂತೆ.

ಗುರುವಾರ ಸಂಜೆ ನಾನು ನೋಡಲು ಹೋದೆ. ನಫೀಸಕ್ಕ ವಾರ್ಡಿನ ಹೊರಗೆ ಬೆಂಚಿನಲ್ಲಿದ್ದರು. ವಾಸಣ್ಣ ಅಂಗಡಿ ಮುಚ್ಚಿ ಆಗ ತಾನೇ ಬಂದಿದ್ದರು. ಅಶ್ರಫ್ ನಫೀಸಕ್ಕನ ಫೋನಿನಲ್ಲಿ ವೀಡಿಯೊ ಕರೆಯಲ್ಲಿದ್ದ.

“ಡಾಕ್ಟ್ರು ಎಂತ ಹೇಳಿದ್ರು?” ಎಂದು ಕೇಳಿದೆ. ಯಾರೂ ಕೇಳುವ ಪ್ರಶ್ನೆ.

“ಬೆರಳಿನ ಹತ್ರ ಸ್ವಲ್ಪ ಕ್ಲೀನ್ ಮಾಡ್ಲಿಕ್ಕೆ ಉಂಟಂತೆ” ಎಂದರು ನಫೀಸಕ್ಕ. “ಅರ್ಜೆಂಟ್ ಎಂತ ಇಲ್ಲ, ಮನೆಯವರೆಲ್ಲ ಮಾತಾಡಿ ಆಗಲಿ ಅಂದಿದ್ದಾರೆ.”

ವಾಸಣ್ಣ ತಲೆಯೆತ್ತಿದರು. “ಕ್ಲೀನ್ ಎಂತದ್ದು? ನನ್ನತ್ರ ಹೇಳಿದ್ದು ಔಷಧಿಗೆ ಹಿಡ್ದಿದೆ, ಇನ್ನು ಎರಡು ದಿನ ನೋಡಿ ಮನೆಗೆ ಅಂತ.”

ಫೋನಿನೊಳಗಿಂದ ಅಶ್ರಫ್ ಕೂಗಿದ: “ಏ, ಎಂತ ಹೇಳ್ತಿದ್ದೀರಿ? ನನಗೆ ಹೇಳಿದ್ದು ಪಾದಕ್ಕೆ ಆಪರೇಷನ್ ಬೇಕಾಗ್ಬಹುದು, ನೀವು ಇನ್ನೊಬ್ಬ ಡಾಕ್ಟ್ರಿಗೆ ತೋರಿಸುದಾದ್ರೆ ನಾವು ಕಾಯ್ತೇವೆ ಅಂತ. ನಾನು ರಿಪೋರ್ಟ್ ಹಿಡ್ಕೊಂಡು ಇಲ್ಲಿ ಶನಿವಾರಕ್ಕೆ ಟೈಮ್ ತೆಗೊಂಡಾಗಿದೆ!”

ಒಂದೇ ಘಟನೆಗೆ ಮೂರು ಆವೃತ್ತಿ. ನಮ್ಮ ಪತ್ರಿಕೆಯಲ್ಲಿ ಹೀಗಾದರೆ ಬೆಳಗಾಗುವುದರೊಳಗೆ ಯಾರದ್ದಾದರೂ ಕೆಲಸ ಹೋಗುತ್ತದೆ. ನಾನು ಒಳಗೆ ಹೋಗಿ ಹಮೀದಾಕನನ್ನು ಕೇಳಿದೆ. ಜ್ವರದಲ್ಲಿ ಕೆಂಪಾದ ಕಣ್ಣು ಬಿಟ್ಟು ನಕ್ಕರು. “ಬೆಳಗ್ಗೆ ಬಂದು ಹೇಳಿ ಹೋದ್ರು ಶೆಟ್ರೆ. ‘ಸಾಹುಕಾರ್ರೆ, ಅಂಗಡಿಗೆ ಹೋಗುವ ಮೊದಲು ಹೊಸ ಜೋಡು ತೆಗೀರಿ, ಹಳೇದು ಬೇಡ’ ಅಂತ.”

ಜೋಡು ಎಂದರೆ ಎರಡು ಚಪ್ಪಲಿ.

ನಮ್ಮ ನ್ಯಾವಿಗೇಟರರನ್ನು ಅವರ ಕೋಣೆಯಲ್ಲಿ ಹಿಡಿದೆ. ಕೇಳುವ ಮೊದಲೇ ಬಾಗಿಲು ಹಾಕಿದರು. “ನಿಮಗೆ ಸುಳ್ಳು ಹೇಳುದಿಲ್ಲ” ಎಂದರು. “ಸೋಮವಾರವೇ ಮೊಣಕಾಲಿನ ಕೆಳಗೆ ತೆಗೀಬೇಕು ಅಂತ ಡಾಕ್ಟ್ರು ಹೇಳಿ ಆಗಿದೆ. ಈಗ ಮೇಲೆ ಹೋಗಿರ್ಬಹುದು. ಇದು ನಿಮಗೆ ಮಾತ್ರ. ಪೇಪರಿಗಲ್ಲ, ಆಯ್ತಾ?”

“ಮನೆಯವರಿಗೆ ಹೇಳಿದ್ದೀರಾ?”

“ಹೇಳಿದ್ದೇನಲ್ಲ! ಎಲ್ಲರತ್ರವೂ ಹೇಳಿದ್ದೇನೆ. ಅವರವರಿಗೆ ಎಷ್ಟು ತಡೀತದೋ ಅಷ್ಟು.”

ಈ ಉತ್ತರದಲ್ಲಿ ನಾಚಿಕೆಯಿರಲಿಲ್ಲ. ವೃತ್ತಿಯ ಗುಟ್ಟೊಂದನ್ನು ಹಂಚಿಕೊಂಡ ತೃಪ್ತಿಯಿತ್ತು. ನಫೀಸಕ್ಕ ಅಳುವವರು, ಆದ್ದರಿಂದ ಅವರಿಗೆ ಬೆರಳು. ಅಶ್ರಫ್ ತಾನೇ ತೀರ್ಮಾನಿಸಬೇಕೆನ್ನುವವನು, ಆದ್ದರಿಂದ ಅವನಿಗೆ ಕಾಲಾವಕಾಶ. ವಾಸಣ್ಣ ರಕ್ತಸಂಬಂಧಿಯಲ್ಲ, ಆದ್ದರಿಂದ ಅವರಿಗೆ ಔಷಧಿ. ಹಮೀದಾಕನಿಗೆ ತಮಾಷೆ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆಂದು ತಿಳಿದುಕೊಂಡರು. ಆಸ್ಪತ್ರೆಯಲ್ಲಿ ನಿಜವನ್ನು ಪೂರ್ತಿಯಾಗಿ ಕೇಳಿಸಿಕೊಂಡ ಏಕೈಕ ಹೊರಗಿನವನು ನಾನು. ಅದನ್ನು ಕೇಳುವ ಹಕ್ಕು ಇಲ್ಲದವನೂ ನಾನೊಬ್ಬನೇ. ಪೇಪರಿನವನ ಎದುರು ಅವರು ಪ್ರಾಮಾಣಿಕರಾದರು. ಏಕೆಂದರೆ ನನಗೆ ಹಿಡಿಸುವುದು ಪ್ರಾಮಾಣಿಕತೆ ಎಂದು ಅವರು ಅಂದಾಜು ಮಾಡಿದ್ದರು.

ನಾನು ವಾರ್ಡಿಗೆ ಮರಳಿ, ಹಮೀದಾಕನ ಮಂಚದ ಬಳಿ ಮೂವರನ್ನೂ ಸೇರಿಸಿ, ಫೋನನ್ನು ದಿಂಬಿನ ಮೇಲಿಟ್ಟು, ಕೇಳಿದ್ದನ್ನು ಹಾಗೆಯೇ ಹೇಳಿದೆ. ನಫೀಸಕ್ಕ ಅಳಲಿಲ್ಲ. ಅಶ್ರಫ್ ಎರಡು ಸಲ “ಮೊಣಕಾಲಾ? ಮೊಣಕಾಲಾ?” ಎಂದ. 

“ಸಹಿ ಹಾಕಿ” ಎಂದರು ಹಮೀದಾಕ. “ಮೊಣಕಾಲು ಉಳೀತದಾ ಕೇಳಿ. ಮೊಣಕಾಲು ಇದ್ರೆ ಅಟ್ಟಕ್ಕೆ ಹತ್ಲಿಕ್ಕೆ ಆಗ್ತದೆ.”

ಶುಕ್ರವಾರ ಬೆಳಗ್ಗೆ ಆಪರೇಷನ್ ಆಯಿತು. ಉಳಿಯಲಿಲ್ಲ. ತೊಡೆಯ ನಡುವಿನಿಂದ ತೆಗೆದರು. ಮೊಣಕಾಲಿದ್ದಿದ್ದರೆ ಕೃತಕ ಕಾಲಿನಲ್ಲಿ ಅವರು ಏಣಿ ಹತ್ತಬಹುದಿತ್ತೇ ಎಂದು ಸರ್ಜನರನ್ನು ಕೇಳಿದೆ. ನಿಧಾನಕ್ಕೆ ಹತ್ತಬಹುದಿತ್ತು ಎಂದರು. ಈಗ? ಅವರು ಇಲ್ಲವೆಂದು ತಲೆಯಾಡಿಸಿದರು. ತಮಗೆ ಭಾಷೆ ಬಾರದ್ದಕ್ಕೆ ಅವರಿಗೆ ನಿಜವಾಗಿಯೂ ಬೇಸರವಾದಂತಿತ್ತು. ಆಸ್ಪತ್ರೆಯಲ್ಲಿ ಬೇಸರಪಟ್ಟುಕೊಂಡವರು ಅವರೊಬ್ಬರೇ.

ಇದನ್ನು ಯಾಕೆ ಸುದ್ದಿ ಮಾಡಲಿಲ್ಲ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಹಮೀದಾಕ ಬೇಡವೆಂದರು. “ನನ್ನ ಕಾಲು ಪೇಪರಿನಲ್ಲಿ ಬರುದು ಬೇಡ ಶೆಟ್ರೆ” ಎಂದರು. ಈಗ ಬರೆಯುವುದಕ್ಕೆ ಅವರೇ ಒಪ್ಪಿಗೆ ಕೊಟ್ಟಿದ್ದಾರೆ, ಅವರ ಹೆಸರನ್ನು ಮಾತ್ರ ಬದಲಿಸಿದ್ದೇನೆ.

ಹಮೀದಾಕ ಮನೆಗೆ ಬಂದು ಕೆಲವು ವಾರಗಳಾದ ಮೇಲೆ ನಮ್ಮ ನ್ಯಾವಿಗೇಟರರು ಪಡೀಲಿಗೆ ಬಂದರು. ಮನೆಭೇಟಿ ಎಂಬುದು ಆಸ್ಪತ್ರೆಯ ಹೊಸ ಕಾರ್ಯಕ್ರಮ. ರೋಗಿಯ ಜೊತೆ ಒಂದು ಫೋಟೊ, ಮನೆಯವರ ಬಾಯಿಂದ ಎರಡು ಒಳ್ಳೆಯ ಮಾತು. ಕೈಯಲ್ಲಿ ಸೇಬಿನ ಪೊಟ್ಟಣವಿತ್ತು. ಅಶ್ರಫ್ ರಜೆಯಲ್ಲಿ ಊರಿಗೆ ಬಂದಿದ್ದ. ವಾಸಣ್ಣ ಎಂದಿನಂತೆ ಹಮೀದಾಕನ ಮಂಚದ ತುದಿಯಲ್ಲಿ ಕುಳಿತಿದ್ದರು. ನ್ಯಾವಿಗೇಟರರ ಕಾರು ಕಂಡು ನಾನೂ ಬೇಲಿ ದಾಟಿ ಹೋದೆ.

ಅವರು ನಫೀಸಕ್ಕನ ಕಡೆ ತಿರುಗಿ ಬ್ಯಾರಿಯಲ್ಲಿ ಶುರು ಮಾಡಿದರು. ನಫೀಸಕ್ಕ ಕೈ ಅಡ್ಡ ಹಿಡಿದರು.

“ಕನ್ನಡದಲ್ಲಿ ಹೇಳಿ.”

“ಎಂತಕ್ಕೆ? ನಮ್ಮ ಭಾಷೆ ಇರುವಾಗ...”

“ನಾನು ಕಾಸರಗೋಡಿನವಳು, ನನಗೆ ತುಳು ಸರಿ ಆಗುದಿಲ್ಲ. ವಾಸಣ್ಣನಿಗೆ ಬ್ಯಾರಿ ಅಷ್ಟು ಬರುದಿಲ್ಲ. ಕನ್ನಡ ಇಲ್ಲಿ ಎಲ್ಲರೂ ಶಾಲೆಯಲ್ಲಿ ಕಲ್ತದ್ದು. ಎಲ್ಲರ ಎದುರಿಗೆ ಒಂದೇ ಸರ್ತಿ ಹೇಳಿ. ಆ ಸೋಮವಾರ ಡಾಕ್ಟ್ರು ಎಂತ ಹೇಳಿದ್ದು?”

ಅವರು ಅಂಗಿಯ ಜೇಬಿನ ಪೆನ್ನು ಸರಿಪಡಿಸಿಕೊಂಡರು. ಅವರಿಗೆ ಆ ಹೊತ್ತಿನಲ್ಲಿ ಸಿಕ್ಕಿದ ಕನ್ನಡ ಆಸ್ಪತ್ರೆಯ ಪ್ರಕಟಣೆಗಳ ಕನ್ನಡ. “ಶಸ್ತ್ರಚಿಕಿತ್ಸೆಯ ನಿರ್ಧಾರಕ್ಕೆ ಸಂಬಂಧಿಸಿದಂತೆ ಕುಟುಂಬದ ಸದಸ್ಯರಲ್ಲಿ ಸಮನ್ವಯದ ಕೊರತೆ ಉಂಟಾಯಿತು” ಎಂದರು.

ವಾಸಣ್ಣ ಬಿದ್ದು ಬಿದ್ದು ನಕ್ಕರು. “ಅಂದ್ರೆ ತಪ್ಪು ನಮ್ಮದು! ಹಮೀದ್, ಕೇಳಿದ್ಯಾ? ನಿನ್ನ ಕಾಲು ತೆಗ್ದದ್ದು ನಾನು ಮಾರಾಯ.”

“ಹಾಗಲ್ಲ, ಹಾಗಲ್ಲ...”

ಹಮೀದಾಕ ನಗಲಿಲ್ಲ. ದಿಂಬಿಗೆ ಒರಗಿಕೊಂಡು ಅವರನ್ನೇ ನೋಡುತ್ತಿದ್ದರು. “ಅದೆಲ್ಲ ಇರಲಿ” ಎಂದರು. “ಇವರಿಗೆ ಹೀಗೆ ಹೇಳಿದ್ರಿ, ಅವರಿಗೆ ಹಾಗೆ ಹೇಳಿದ್ರಿ. ನನಗೆ ಯಾಕೆ ಹೇಳ್ಲಿಲ್ಲ?”

ನ್ಯಾವಿಗೇಟರರ ಮುಖದಲ್ಲಿ ನಿಜವಾದ ಆಶ್ಚರ್ಯ ಕಂಡಿತು. ಅವರಿಂದ ನಾನು ಕೇಳಿದ ಮಾತುಗಳಲ್ಲಿ ಏನೂ ಬೆರೆಸದೆ ಹೇಳಿದ್ದು ಇದೊಂದೇ ಇರಬೇಕು.

“ನೀವು ಪೇಷೆಂಟ್ ಅಲ್ವಾ ಸಾಹುಕಾರ್ರೆ” ಎಂದರು. “ಇಂಥದ್ದನ್ನೆಲ್ಲ ನಾವು ಪೇಷೆಂಟಿಗೆ ಹೇಳುವ ಕ್ರಮ ಇಲ್ಲ.”

 ಅವರು ಎದ್ದರು. ಫೋಟೊ ತೆಗೆಯುವ ವಿಚಾರ ಎತ್ತಲಿಲ್ಲ, ಅಷ್ಟರ ಮಟ್ಟಿಗೆ ಅವರಿಗೆ ಪರಿಸ್ಥಿತಿ ಅರ್ಥವಾಗಿತ್ತು. ಆದರೆ ಹೊರಗೆ ಹೋಗುವ ದಾರಿಯಲ್ಲಿ ಸುಮ್ಮನಿರುವುದು ಅವರಿಗೆ ಸಾಧ್ಯವಾಗಲಿಲ್ಲ. ಬಾಗಿಲಲ್ಲಿ ನಫೀಸಕ್ಕನ ಬಳಿ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಮೆಟ್ಟಿಲಲ್ಲಿ ಅಶ್ರಫನ ಹೆಗಲ ಮೇಲೆ ಕೈಯಿಟ್ಟು ಇನ್ನೇನೋ ಹೇಳಿದರು. ಕಾರಿನ ಬಳಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ವಾಸಣ್ಣ ಮಂಚದಲ್ಲಿದ್ದ ಹಮೀದಾಕನಿಗೆ ಆಟದ ವೀಕ್ಷಕ ವಿವರಣೆ ಕೊಡುತ್ತಿದ್ದದ್ದು ಅಂಗಳದವರೆಗೂ ಕೇಳುತ್ತಿತ್ತು. “ನಫೀಸನದ್ದು ಆಯ್ತು. ಈಗ ಅಶ್ರಫ್. ಹಾಂ, ಶೆಟ್ರನ್ನು ಹಿಡ್ದ ನೋಡು! ನನಗೆ ಈ ಸರ್ತಿ ಎಂತದ್ದೂ ಇಲ್ಲ ಮಾರಾಯ.”

ನಾವು ಒಳಗೆ ಬಂದೆವು. ಹಮೀದಾಕ ಎದ್ದು ಕುಳಿತಿದ್ದರು.

“ಎಂತ ಹೇಳಿದ್ರು? ಒಬ್ಬೊಬ್ಬರೇ ಹೇಳಿ.”

ನಫೀಸಕ್ಕ ಅಶ್ರಫನ ಮುಖ ನೋಡಿದರು, ಅಶ್ರಫ್ ನನ್ನ ಮುಖ ನೋಡಿದ. ಬಚ್ಚಿಡುವ ಅಭ್ಯಾಸ ಆಸ್ಪತ್ರೆಯದ್ದು ಮಾತ್ರವಲ್ಲ, ನಮ್ಮದೂ ಹೌದು.

“ಉಪ್ಪು ಕಮ್ಮಿ ಮಾಡಿದ್ರೆ ಕಿಡ್ನಿ ತನ್ನಷ್ಟಕ್ಕೆ ಸರಿಯಾಗ್ತದಂತೆ” ಎಂದರು ನಫೀಸಕ್ಕ.

“ಡಯಾಲಿಸಿಸ್ ಯಾವಾಗಾದ್ರೂ ಬೇಕಾಗ್ಬಹುದು, ಈಗಲ್ಲ, ನೀವು ಧೈರ್ಯದಲ್ಲಿ ದಮ್ಮಾಮಿಗೆ ಹೋಗಿ ಅಂತ” ಎಂದ ಅಶ್ರಫ್.

ಎಲ್ಲರೂ ನನ್ನತ್ತ ತಿರುಗಿದರು. “ಡಯಾಲಿಸಿಸ್ ಶುರು ಮಾಡುವ ಅಂತ ಡಿಸ್ಚಾರ್ಜಿನ ದಿನವೇ ಕಿಡ್ನಿ ಡಾಕ್ಟ್ರು ಹೇಳಿದ್ದಾರಂತೆ” ಎಂದೆ. “ಪೇಪರಿಗಲ್ಲ ಅಂತ ಹೇಳಿದ್ರು.”

 ವಾಸಣ್ಣನ ನಗು ನಿಂತಿತು. ಹಮೀದಾಕ ತಮ್ಮ ಎಡಗಾಲಿನ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಕೈ ಚಾಚಿ, “ಫೋನ್ ಕೊಡಿ, ಡಾಕ್ಟ್ರತ್ರವೇ ಕೇಳುವ” ಎಂದರು.

ನಾನು ಕಿಡ್ನಿ ವಿಭಾಗದ ನಂಬರು ಒತ್ತಿ, ಸ್ಪೀಕರಿಗೆ ಹಾಕಿ ಕೊಟ್ಟೆ. ಆ ಕಡೆಯಿಂದ ಒಬ್ಬ ಹುಡುಗಿ ಎತ್ತಿದಳು. ಹಮೀದಾಕ ಹೆಸರು ಹೇಳಿದರು, ಆಸ್ಪತ್ರೆಯ ನಂಬರು ಹೇಳಿದರು, ಡಯಾಲಿಸಿಸಿನ ವಿಷಯ ಡಾಕ್ಟರಲ್ಲಿ ಮಾತಾಡಬೇಕೆಂದರು. ಕಂಪ್ಯೂಟರಿನ ಕೀಲಿಗಳ ಸದ್ದು ಕೇಳಿತು.

“ಪೇಷೆಂಟಿಗೆ ನೀವು ಎಂತ ಆಗ್ಬೇಕು ಸರ್?”

“ನಾನೇ ಪೇಷೆಂಟ್.”

ಆ ಕಡೆ ಸದ್ದು ನಿಂತಿತು. “ಹೌದಾ... ಹತ್ರ ಮನೆಯವರು ಯಾರಾದ್ರೂ ಇದ್ದಾರಾ ಸರ್? ಅವರತ್ರ ಕೊಡಿ.”

ಮಂಚದ ಸುತ್ತ ನಾವು ನಾಲ್ವರಿದ್ದೆವು. ಅಶ್ರಫನ ಕೈ ತನ್ನಷ್ಟಕ್ಕೆ ಮುಂದೆ ಬಂತು. ಹಮೀದಾಕ ಆ ಕೈಯನ್ನು ನೋಡಿದರು. ಸ್ಪೀಕರು ಆರಿಸಿ, ಫೋನನ್ನು ಆಚೆಯ ಕಿವಿಗೆ ಒತ್ತಿಕೊಂಡು, ನಮಗೆ ಬೆನ್ನು ಕೊಟ್ಟು ಗೋಡೆಯ ಕಡೆಗೆ ತಿರುಗಿದರು.

“ಇಲ್ಲಮ್ಮಾ, ನನ್ನತ್ರವೇ ಹೇಳ್ಬೇಕು” ಎಂದರು. “ಡಾಕ್ಟ್ರು ಬರಲಿ. ನಾನು ಹಿಡ್ಕೊಂಡಿರ್ತೇನೆ.”